ಬಾಲಚುಕ್ಕಿಯ ನಾಣ್ಯ

ಹತ್ತು ರೂಪಾಯಿಯ ನಾಣ್ಯ ಮೊದಲ ಸಲ ನಮ್ಮ ಅಂಗಡಿಗೆ ಬಂದ ದಿನ ಅಪ್ಪ ಅದನ್ನು ಎರಡು ಬೆರಳ ನಡುವೆ ಹಿಡಿದು ಬೆಳಕಿಗೆ ತಿರುಗಿಸಿ, ಸುತ್ತ ಒಂದು ಬಣ್ಣ ನಡುವೆ ಒಂದು ಬಣ್ಣ, ಎಂಥ ಚೆಂದ ಮಾಡಿದ್ದಾರೆ ನೋಡು ಎಂದರು. ಚಳ್ಳಕೆರೆಯ ಪೇಟೆಯಲ್ಲಿ ಅವತ್ತು ಎಲ್ಲರ ಕೈಯಲ್ಲೂ ಅದೇ. ನಾನು ಮಾತ್ರ ಕತ್ತೆತ್ತಿ ನೋಡಲಿಲ್ಲ. ಎರಡು ಬಣ್ಣದ ನಾಣ್ಯವನ್ನು ಅದಕ್ಕೂ ಕೆಲವು ವರ್ಷ ಮೊದಲೇ ನೋಡಿದ್ದೆ. ಅದರಲ್ಲಿ ಬಣ್ಣಗಳು ಅದಲುಬದಲಾಗಿದ್ದವು: ಸುತ್ತ ಬೆಳ್ಳಿ, ನಡುವೆ ಬಂಗಾರ. ನೋಡಿದ್ದು ಇನ್ನೊಬ್ಬಳ ಅಂಗೈಯಲ್ಲಿ. ನನ್ನ ಅಂಗೈಯಲ್ಲಿ ಅಲ್ಲ ಎಂಬ ಒಂದೇ ಕಾರಣಕ್ಕೆ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನನ್ನದು ಹೊಟ್ಟೆಕಿಚ್ಚಿನ ಸ್ವಭಾವ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಅವ್ವ ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡರೆ ನಾನು ಹೊಸಿಲ ಮೇಲೆ ಬಿದ್ದು ಹೊರಳಾಡುತ್ತಿದ್ದೆನಂತೆ. ದೊಡ್ಡವಳಾದ ಮೇಲೆ ಹೊರಳಾಡುವುದು ನಿಂತಿತು, ಕಿಚ್ಚು ನಿಲ್ಲಲಿಲ್ಲ.

ನಮ್ಮದು ರೇಷ್ಮೆ ಸೀರೆಯ ಅಂಗಡಿ. ಮೊಳಕಾಲ್ಮೂರಿನಲ್ಲಿ ನೇಯಿಸುವುದು, ಚಳ್ಳಕೆರೆಯಲ್ಲಿ ಮಾರುವುದು. ಸೀರೆಯ ಅಂಚಿಗೆ, ಸೆರಗಿಗೆ ಬೇಕಾದ ಡಿಸೈನು ಬರೆಯುತ್ತಿದ್ದವಳು ನಾನು. ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುತ್ತಾ ಹಂಸ, ಮಾವಿನಕಾಯಿ, ರುದ್ರಾಕ್ಷಿ ಬರೆಯುವುದು. ಹಾಳೆಯ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡು. ತುಂಬಿದ ಚೌಕ ಇದ್ದಲ್ಲಿ ಕಾರ್ಡಿಗೆ ತೂತು. ಆ ಕಾರ್ಡುಗಳನ್ನೆಲ್ಲ ದಾರದಲ್ಲಿ ಪೋಣಿಸಿ ಮಗ್ಗದ ಮೇಲಿನ ಪೆಟ್ಟಿಗೆಗೆ ಏರಿಸಿದರೆ, ತೂತು ಹೇಳಿದಂತೆ ದಾರ ಏಳುತ್ತದೆ, ಬೀಳುತ್ತದೆ, ಹಾಳೆಯಲ್ಲಿದ್ದದ್ದು ಸೀರೆಯಲ್ಲಿ ಮೂಡುತ್ತದೆ. ಪಿಯುಸಿ ಮುಗಿದ ಮೇಲೆ ನಾನು ಓದಿಗೆ ಹೋಗಲಿಲ್ಲ. ಅಪ್ಪ ಗಿರಾಕಿಗಳ ಮುಂದೆ ಸೀರೆ ಬಿಡಿಸಿ, ಇದು ನಮ್ಮ ಮಗಳ ಕೈ ಎನ್ನುತ್ತಿದ್ದರು. ನನಗೆ ಅದೇ ಡಿಗ್ರಿ.

ಕಾರ್ಡಿಗೆ ತೂತು ಹೊಡೆಯುತ್ತಿದ್ದವಳು ನನ್ನ ಗೆಳತಿ. ಅವಳ ತಂದೆಯನ್ನು ನಾವು ಚಾಚಾ ಎನ್ನುತ್ತಿದ್ದೆವು. ಮೊದಲು ಚಳ್ಳಕೆರೆಯಲ್ಲಿ ನಮ್ಮ ಹಿಂದಿನ ಓಣಿಯಲ್ಲಿದ್ದು ಎಣ್ಣೆ ಮಿಲ್ಲುಗಳ ಯಂತ್ರ ರಿಪೇರಿ ಮಾಡುತ್ತಿದ್ದರು. ಮಿಲ್ಲುಗಳು ಒಂದೊಂದಾಗಿ ಮುಚ್ಚತೊಡಗಿದಾಗ ಮೊಳಕಾಲ್ಮೂರಿಗೆ ಹೋಗಿ ಮಗ್ಗದ ಪೆಟ್ಟಿಗೆಗಳನ್ನು ಸರಿಮಾಡುವುದು, ಕಾರ್ಡು ಹೊಡೆದುಕೊಡುವುದು ಶುರುಮಾಡಿದರು. ಅವರ ಮಗಳೂ ನಾನೂ ಸಿಸ್ಟರುಗಳ ಸ್ಕೂಲಿನಲ್ಲಿ ಒಂದೇ ಬೆಂಚು. ಡ್ರಾಯಿಂಗಿನಲ್ಲಿ ಯಾವಾಗಲೂ ನಾನು ಮೊದಲು, ಅವಳು ಎರಡನೆಯವಳು. ನನಗೆ ಅವಳ ಮೇಲೆ ಇದ್ದ ಪ್ರೀತಿಯಲ್ಲಿ ಈ ಲೆಕ್ಕವೂ ಸೇರಿತ್ತು ಎಂದು ಈಗ ತಿಳಿಯುತ್ತದೆ. ಅವಳು ನಮ್ಮಪ್ಪನನ್ನು ಸಾವ್ಕಾರ್ರೆ ಎನ್ನುತ್ತಿದ್ದಳು, ನಮ್ಮವ್ವನನ್ನು ಮಾತ್ರ ನನ್ನಂತೆಯೇ ಅವ್ವ ಎನ್ನುತ್ತಿದ್ದಳು. ಅದೂ ನನಗೆ ಒಂದು ಚೂರು ಸೇರುತ್ತಿರಲಿಲ್ಲ.

ನಮ್ಮಿಬ್ಬರ ನಡುವೆ ಚಾಚಾ ಹಾಕಿಕೊಟ್ಟ ಒಂದು ಕಟ್ಟುನಿಟ್ಟು ಇತ್ತು. ನಾಲ್ಕು ಕಣ್ಣು ನೋಡದ ಹಾಳೆಗೆ ತೂತು ಹೊಡೆಯಕೂಡದು. ಬರೆದವಳು ಕೆಳಗಿನ ಬಲಮೂಲೆಯಲ್ಲಿ ತನ್ನ ಗುರುತು ಹಾಕಬೇಕು, ಇನ್ನೊಬ್ಬಳು ಚೌಕ ಚೌಕ ನೋಡಿ ಪಕ್ಕದಲ್ಲಿ ತನ್ನದು ಹಾಕಬೇಕು. ಎರಡೂ ಗುರುತು ಬಿದ್ದ ಮೇಲೆಯೇ ಕೆಲಸ. ಒಂದೆರಡು ತೂತು ತಪ್ಪಿದರೆ ಕಾಗದ ಅಂಟಿಸಿ ಮುಚ್ಚಬಹುದು, ಡಿಸೈನೇ ತಪ್ಪಿದರೆ ನೂರಾರು ಕಾರ್ಡು ಒಲೆಗೆ. ನನ್ನ ಗುರುತು ಹಸಿರು ಶಾಯಿಯಲ್ಲಿ ನಾಲ್ಕು ಎಸಳಿನ ಹೂವು. ಅವಳದು ಎರಡು ಅಡ್ಡಗೆರೆ.

ಒಮ್ಮೆ ಒಂದು ಧಾರೆ ಸೀರೆಗೆ ನಾನು ಬರೆದ ನವಿಲುಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು. ಅಂಚು ಮಡಿಸಿದಾಗ ಹಾಗೆ ಕಾಣುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಅವಳು ಹಾಳೆ ಹಿಡಿದು ಬಸ್ಸಿನಲ್ಲಿ ಬಂದು, ಗಂಡ ಹೆಂಡ್ತಿ ಮುನಿಸ್ಕೊಂಡಂಗೆ ಕಾಣ್ತಾವೆ ಕಣೇ ಎಂದು ನಕ್ಕು, ನನ್ನ ಪಕ್ಕದಲ್ಲೇ ಕೂತು ತಿದ್ದಿಸಿ ಹೋದಳು. ಅಪ್ಪನಿಗೆ ಹೇಳಲಿಲ್ಲ, ಚಾಚಾಗೂ ಹೇಳಲಿಲ್ಲ. ಆ ಸೀರೆಯನ್ನು ಅಪ್ಪ ಊರಿಗೆಲ್ಲ ತೋರಿಸಿದರು.

ಇನ್ನು ನಾಣ್ಯದ ವಿಷಯ. ನಮಗೆ ಡ್ರಾಯಿಂಗು ಕಲಿಸಿದ ಸಿಸ್ಟರು ಕರಾವಳಿ ಕಡೆಯವರು. ಅವರ ಕ್ಯಾಥೊಲಿಕ್ ಪಂಗಡದಲ್ಲಿ ಕೆಲವು ವರ್ಷಗಳಿಗೊಮ್ಮೆ ಲೋಕದ ಎಲ್ಲ ದೇಶಗಳ ಯುವಕ ಯುವತಿಯರು ಒಂದು ಊರಿನಲ್ಲಿ ಸೇರುತ್ತಾರಂತೆ, ಪೋಪ್ ಕೂಡ ಬರುತ್ತಾರಂತೆ. ಎರಡು ಸಾವಿರದ ಐದರಲ್ಲಿ ಅದು ಜರ್ಮನಿಯಲ್ಲಿ ಆಯಿತು. ನಮ್ಮ ಕಡೆಯಿಂದ ಹೊರಟ ಕೆಲವು ಹುಡುಗ ಹುಡುಗಿಯರ ಜೊತೆಗೆ ಸಿಸ್ಟರೂ ಹೊರಟರು. ಸ್ಕೂಲಿನಲ್ಲಿ ಬೀಳ್ಕೊಡುಗೆ ಮಾಡಿದಾಗ ಬ್ಯಾನರು ಬರೆದವಳು ನಾನು. ಶೇಂಗಾ ಉಂಡೆ ಕಟ್ಟಿ ಡಬ್ಬಿಯಲ್ಲಿ ಹಾಕಿಕೊಟ್ಟವಳು ನಾನು. ನನಗೇನಾದರೂ ತನ್ನಿ ಸಿಸ್ಟರ್ ಎಂದು ಬಾಯಿಬಿಟ್ಟು ಕೇಳಿದವಳೂ ನಾನೇ. ಬಂದ ಮೇಲೆ ಎಲ್ಲರಿಗೂ ಒಂದೊಂದು ಚಿತ್ರದ ಕಾರ್ಡು ಕೊಟ್ಟರು. ನನಗೂ ಅದೇ ಕೊಟ್ಟರು. ಲಕ್ಷಾಂತರ ಜನ ಬಯಲಿನಲ್ಲಿ ಮಲಗಿದ್ದು, ಮೇಣದ ಬತ್ತಿ ಹಿಡಿದು ಹಾಡಿದ್ದು ಎಲ್ಲ ಹೇಳಿದರು. ನಾನು ಅರ್ಧ ಕೇಳಿದೆ. ಎಲ್ಲರಿಗೂ ಕೊಟ್ಟದ್ದನ್ನೇ ನನಗೂ ಕೊಟ್ಟರಲ್ಲ ಎಂಬುದೇ ತಲೆಯಲ್ಲಿತ್ತು.

ಮರುವರ್ಷ, ಅಲ್ಲಿ ಪರಿಚಯವಾಗಿದ್ದ ಇನ್ನೊಬ್ಬ ಸನ್ಯಾಸಿನಿ ಸಿಸ್ಟರಿಗೆ ಅಂಚೆಯಲ್ಲಿ ಒಂದು ನಾಣ್ಯ ಕಳಿಸಿದರು. ಆ ಸಮಾವೇಶದ ನೆನಪಿಗೆಂದು ಪೋಪ್ ಇರುವ ಪುಟ್ಟ ದೇಶದವರು ಹೊರಡಿಸಿದ್ದು. ಸಿಸ್ಟರು ಅದನ್ನು ನನ್ನ ಗೆಳತಿಗೆ ಕೊಟ್ಟುಬಿಟ್ಟರು.

ಅವಳು ಅದನ್ನು ನಮ್ಮ ಪಡಸಾಲೆಯಲ್ಲಿ ಅಂಗೈ ಬಿಚ್ಚಿ ತೋರಿಸಿದಳು. ನಡುವಿನ ಬಂಗಾರದ ಬಿಲ್ಲೆಯಲ್ಲಿ ಎರಡು ಚೂಪು ಗೋಪುರದ ದೊಡ್ಡ ಚರ್ಚು, ಅದರ ಮೇಲೆ ಆಕಾಶದಲ್ಲಿ ಒಂದು ಚುಕ್ಕಿ, ಚುಕ್ಕಿಗೆ ಹಿಂದೆ ಚಾಚಿದ ಬಾಲ. ಬೆಳ್ಳಿಯ ಅಂಚಿನ ಸುತ್ತ ಪುಟ್ಟ ನಕ್ಷತ್ರಗಳು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟನ್ನು ಹಿಡಿಸಿದ ಕೈ ಯಾರದೋ ಎಂದು ನನಗೂ ಅನ್ನಿಸಿತು. ಆದರೆ ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು. ಬ್ಯಾನರು ಬರೆದವಳು ಯಾರು, ಉಂಡೆ ಕಟ್ಟಿದವಳು ಯಾರು, ನಾಣ್ಯ ಯಾರ ಕೈಗೆ.

ನಾನೂ ಒಂದು ಬರೀತೀನಿ ಕಣೇ ಎಂದಳು. ಈ ಗೋಪುರ, ಈ ಚುಕ್ಕಿ ಅಂಚಿಗೆ ಎಷ್ಟು ಚೆಂದ ಕೂತ್ಕೊಂತಾವೆ ನೋಡು ಎಂದಳು. ನಾಲ್ಕೈದು ವರ್ಷ ನನ್ನ ಹಾಳೆಗೆ ತೂತು ಹೊಡೆದವಳು, ಮೊದಲ ಸಲ ತಾನು ಬರೆಯುತ್ತೇನೆ ಎನ್ನುತ್ತಿದ್ದಳು. ಮೊಳಕಾಲ್ಮೂರಿನ ಮಗ್ಗದವರು ತನ್ನನ್ನು ಬರೀ ತೂತು ಹೊಡೆಯೋಳು ಅಂತಾರೆ, ಒಂದಾದರೂ ತನ್ನ ಡಿಸೈನು ಮಗ್ಗ ಏರಬೇಕು ಎಂದು ಅವಳು ಹಿಂದೆ ಹೇಳಿದ್ದುಂಟು. ನಾನು ನಕ್ಕು, ಬರಿ ಎಂದೆ. ಆಮೇಲೆ, ಒಂದು ವಾರ ನಾಣ್ಯ ನನ್ನ ಹತ್ರ ಇರಲಿ, ಕೊಡು ಎಂದು ಕೇಳಿದೆ.

"ಬರ್ದು ಮುಗೀಲಿ, ಆಮೇಲೆ ನೋಡಾಣ" ಎಂದು ಅವಳು ಮುಷ್ಟಿ ಮುಚ್ಚಿದಳು.

ಒಂದು ವಾರಕ್ಕೂ ಕೊಡದವಳು ಎಂದು ನಾನು ಅವಳ ಹೆಸರಿಗೆ ಆಗಲೇ ಬರೆದುಕೊಂಡೆ.

ತಡೆಯಲಾಗದೆ ಮರುದಿನ ಏನೋ ನೆಪ ಮಾಡಿಕೊಂಡು ಸಿಸ್ಟರ ಬಳಿ ಹೋದೆ. ಸುತ್ತಿ ಬಳಸಿ ನಾಣ್ಯದ ಮಾತು ತೆಗೆದೆ. ಅವರು ನನ್ನನ್ನು ಎಂಟನೇ ತರಗತಿಯಿಂದ ಬಲ್ಲವರು.

"ಅವಳು ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದಳು. ಕೇಳಲಿಲ್ಲ. ಕೇಳಲಿಲ್ಲ ಅಂತಲೇ ಕೊಟ್ಟೆ" ಎಂದರು.

ಅಂದರೆ ಕೇಳಿದವಳಿಗೆ ಇಲ್ಲ, ಕೇಳದವಳಿಗೆ ಉಂಟು. ದಾರಿಯುದ್ದಕ್ಕೂ ಈ ನ್ಯಾಯವನ್ನು ಬೈದುಕೊಂಡು ಬಂದೆ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುವ ಊರಿನಲ್ಲಿ ಬೆಳೆದವಳು ನಾನು, ನನ್ನ ತಪ್ಪೇನು?

ಇಪ್ಪತ್ತು ದಿನ ಕಳೆದಿರಬೇಕು, ಅವಳು ಹಾಳೆ ಸುರುಳಿ ಸುತ್ತಿಕೊಂಡು ಬಂದಳು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಯಲ್ಲಿ ಅಪ್ಪನೇ ಮೊದಲು ನೋಡಿಬಿಟ್ಟರು. ನಾನು ಕೈ ತೊಳೆದು ಬರುವಷ್ಟರಲ್ಲಿ ಅವರು ಹಾಳೆಯನ್ನು ಗಾದಿಯ ಮೇಲೆ ಹಾಸಿ, ನಾಲ್ಕು ಮೂಲೆಗೂ ಸೀರೆ ಡಬ್ಬಿ ಇಟ್ಟು, ಮೊಣಕಾಲೂರಿ ನೋಡುತ್ತಿದ್ದರು. ಎರಡು ಗೋಪುರ, ಮೇಲೆ ಚುಕ್ಕಿ, ಮತ್ತೆ ಎರಡು ಗೋಪುರ, ಮತ್ತೆ ಚುಕ್ಕಿ. ಚುಕ್ಕಿಯ ಬಾಲ ಒಂದು ಗೋಪುರದಿಂದ ಇನ್ನೊಂದಕ್ಕೆ ತೋರಣ ಕಟ್ಟಿದ ಹಾಗೆ ಬಾಗಿತ್ತು. ನಾನು ಹಾಗೆ ಬರೆಯಲಾರೆ. ನೋಡಿದ ಕೂಡಲೇ ಅದು ಗೊತ್ತಾಯಿತು.

ಅಪ್ಪ ಚರ್ಚೆಂದು ತಿಳಿಯಲಿಲ್ಲ, ಗುಡಿ ಗೋಪುರವೆಂದೇ ತಿಳಿದರು. ಬಾಲವನ್ನು ತುರಾಯಿ ಎಂದರು. ಹಂಸ, ಮಾವಿನಕಾಯಿ ನೋಡಿ ನೋಡಿ ತನ್ನ ಕಣ್ಣೇ ಸವೆದುಹೋಗಿತ್ತು, ಇದಪ್ಪ ಹೊಸತು ಎಂದರೆ ಎಂದರು. ಹಂಸ, ಮಾವಿನಕಾಯಿ ಬರೆದವಳು ಬಾಗಿಲಲ್ಲೇ ನಿಂತಿದ್ದಾಳೆ ಎಂಬುದು ಅವರ ಗಮನಕ್ಕೆ ಬರಲೇ ಇಲ್ಲ. ಕೊಂಡ್ಲಹಳ್ಳಿ ಕಡೆಯ ಜಮೀನುದಾರರ ಮನೆಯಿಂದ ಮದುವೆಗೆ ಸೀರೆಗಳ ಆರ್ಡರು ಬಂದಿತ್ತು. ಧಾರೆ ಸೀರೆಯೂ ಸೇರಿ ಎಲ್ಲವನ್ನೂ ಇದೇ ಅಂಚಿನಲ್ಲಿ ಮಾಡಿಸೋಣ, ಮೊದಲು ಮೂರು ನೇಯಿಸಿ ಅವರಿಗೆ ತೋರಿಸೋಣ ಎಂದು ಅಲ್ಲೇ ತೀರ್ಮಾನಿಸಿದರು.

ನಾನು ಒಳಗೆ ಸರಿದೆ. ಅಪ್ಪ ಗಿರಾಕಿಯೊಬ್ಬರ ಕಡೆ ತಿರುಗಿದ ಮೇಲೆ ಅವಳು ಹಾಳೆ ಎತ್ತಿಕೊಂಡು ನನ್ನ ಹತ್ತಿರ ಬಂದಳು. ಅವಳ ಎರಡು ಅಡ್ಡಗೆರೆ ಮೂಲೆಯಲ್ಲಿ ಆಗಲೇ ಇದ್ದವು, ಪಕ್ಕದಲ್ಲಿ ನನಗೆ ಜಾಗ ಬಿಟ್ಟಿದ್ದಳು.

"ನಿಮ್ಮೋರ ಮದುವಿಗೆ ಇದು ಆಗುತ್ತಾ, ಸರಿಯಾಗಿ ನೋಡು. ಏನಾರ ತಪ್ಪಿದ್ರೆ ಈಗ್ಲೇ ಹೇಳ್ಬಿಡು. ಮಾತಾಡಿದ್ರೆ ಹೋತು, ಮುತ್ತೊಡೆದ್ರೆ ಹೋತು ಅಂತಾರಲ್ಲ, ಕಾರ್ಡೂ ಹಂಗೇ."

ತಪ್ಪು ನನಗೆ ಅಂಗಡಿಯ ಬಾಗಿಲಿನಿಂದಲೇ ಕಂಡಿತ್ತು.

ನಾವಿಬ್ಬರೂ ಎಂಟನೇ ತರಗತಿಯಲ್ಲಿದ್ದ ವರ್ಷ ಪಡುವಣದಲ್ಲಿ ಒಂದು ಬಾಲಚುಕ್ಕಿ ಮೂಡಿತ್ತು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮಾಳಿಗೆ ಹತ್ತಿ ನೋಡುತ್ತಿದ್ದೆವು. ಅವಳಿಗೆ ಅದರ ಮೇಲೆ ಪ್ರಾಣ. ನೋಟು ಪುಸ್ತಕದ ಹಿಂದಿನ ಪುಟವೆಲ್ಲ ಅದನ್ನೇ ಬರೆಯುತ್ತಿದ್ದಳು. ಒಂದು ಸಂಜೆ ಅವಳಮ್ಮ ಕೂಗಿದರೆಂದು ಅವಳು ಇಳಿದು ಹೋದ ಮೇಲೆ ನಮ್ಮಜ್ಜಿ ಮೇಲೆ ಬಂದು, ಅದನ್ನೇನು ನೋಡ್ತೀಯ, ಅನಿಷ್ಟ, ಕೆಳಗಿಳಿ ಎಂದು ಗದರಿದ್ದಳು. ಬಾಲಚುಕ್ಕಿ ಕಂಡ ವರ್ಷ ಮದುವೆ ಮಾತು ಎತ್ತಬಾರದು, ಎತ್ತಿದರೆ ಮನೆ ಒಡೆಯುತ್ತದೆ ಎಂದು ಹೇಳಿ, ನಮ್ಮ ಸೋದರತ್ತೆಗೆ ಬಂದಿದ್ದ ಗಂಡಿನವರನ್ನು ಆ ಬೇಸಿಗೆ ಬರಬೇಡಿರೆಂದು ಹೇಳಿಕಳಿಸಿದ್ದಳು. ಗೆಳತಿಗೆ ಇದು ಗೊತ್ತಿರಲಿಲ್ಲ. ಅವಳ ಮನೆಯಲ್ಲಿ ಚುಕ್ಕಿಗೂ ಮದುವೆಗೂ ನಂಟಿರಲಿಲ್ಲ. ಸಿಸ್ಟರ ಮತದಲ್ಲಂತೂ ಅದು ಶುಭದ ಚುಕ್ಕಿ, ದೇವರ ಕೂಸು ಹುಟ್ಟಿದ ಕಡೆಗೆ ದಾರಿ ತೋರಿಸಿದ್ದು. ಅವಳು ಕೇಳಿದ್ದು ಸಿಸ್ಟರ ಕತೆ.

ಒಂದು ಮಾತು ಸಾಕಾಗಿತ್ತು. ಬಾಲ ತೆಗಿ ಎಂದರೆ ಆಗುತ್ತಿತ್ತು. ಅರ್ಧ ದಿನದ ಕೆಲಸ. ನವಿಲುಗಳನ್ನು ತಿದ್ದಿಸಿದವಳ ಪಕ್ಕದಲ್ಲಿ ಅವತ್ತು ನಾನು ಕೂರಬೇಕಾಗಿತ್ತು.

ನಾನು ಮೂಲೆಯಿಂದ ಮೂಲೆಗೆ ಬೆರಳಾಡಿಸಿ, ಎಣಿಸಿದ ಹಾಗೆ ನಟಿಸಿ, ಚೆನ್ನಾಗೈತೆ, ತಪ್ಪೇನಿಲ್ಲ ಎಂದೆ. ಹಸಿರು ಪೆನ್ನು ತಂದು ಹೂವು ಬರೆದೆ. ನಾಲ್ಕು ಎಸಳನ್ನೂ ನಿಧಾನವಾಗಿ, ಚೆಂದವಾಗಿ ಬರೆದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಅಡಿಗೆಮನೆಗೆ ಹೋಗಿ ನಮ್ಮವ್ವನ ಕೈಯಿಂದ ರೊಟ್ಟಿ ಇಸಿದುಕೊಂಡು ಶೇಂಗಾ ಚಟ್ನಿ ಹಚ್ಚಿ ನಿಂತುಕೊಂಡೇ ತಿಂದಳು. ಅವ್ವ ಅವಳ ತಲೆ ಸವರಿದರು. ಆ ಸವರಿದ್ದನ್ನು ನೋಡಿ, ನಾನು ಮಾಡಿದ್ದು ಸರಿಯೇ ಎಂದುಕೊಂಡೆ.

ಮೂರು ಸೀರೆ ಮಗ್ಗದಿಂದ ಇಳಿಯುವವರೆಗಿನ ದಿನಗಳಲ್ಲಿ ನನಗೆ ಪಶ್ಚಾತ್ತಾಪವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಅಪ್ಪ ವಾರಕ್ಕೊಮ್ಮೆ ಮೊಳಕಾಲ್ಮೂರಿಗೆ ಹೋಗಿ ಬಂದು ಅಂಚು ಎಷ್ಟು ಮೂಡಿದೆ, ಹೇಗೆ ಮೂಡಿದೆ ಎಂದು ಊಟಕ್ಕೆ ಕೂತಾಗ ವರ್ಣಿಸುತ್ತಿದ್ದರು. ಒಂದೊಂದು ತುತ್ತಿಗೂ ಒಂದೊಂದು ಹೊಗಳಿಕೆ. ಆ ಹೊಗಳಿಕೆಯೇ ನನ್ನ ಬಾಯಿ ಹೊಲಿದುಬಿಟ್ಟಿತು. ಇವತ್ತು ಹೇಳೋಣ ಎಂದು ಒಂದೆರಡು ಸಲ ಬಾಯಿಗೆ ಬಂದದ್ದೂ ಉಂಟು. ಅಷ್ಟರಲ್ಲಿ ಅಪ್ಪ, ಆ ಹುಡುಗಿ ಕೈಯಾಗೆ ಏನೋ ಐತೆ ಎನ್ನುತ್ತಿದ್ದರು. ಬಂದ ಮಾತು ಸಾರಿನ ಜೊತೆ ಒಳಗೆ ಹೋಗುತ್ತಿತ್ತು.

ಸೀರೆ ತೋರಿಸುವ ದಿನ ಕೊಂಡ್ಲಹಳ್ಳಿ ಕಡೆಯಿಂದ ಮದುವಣಗಿತ್ತಿಯ ಅಜ್ಜಿಯೇ ಬಂದರು, ಜೊತೆಗೆ ಇಬ್ಬರು ಸೊಸೆಯಂದಿರು. ಚಾಚಾ ಮತ್ತು ಗೆಳತಿ ಸೀರೆ ತಂದವರು ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಅವಳು ಅವತ್ತು ಹಬ್ಬದ ಬಟ್ಟೆ ಹಾಕಿಕೊಂಡಿದ್ದಳು. ಕೈಯಲ್ಲಿ ಗ್ರಾಫ್ ಹಾಳೆಯ ಸುರುಳಿ ಇತ್ತು. ಯಾರಾದರೂ ಕೇಳಿದರೆ ತೋರಿಸಲು ತಂದಿದ್ದಳೋ ಏನೋ.

ಸೊಸೆಯಂದಿರು ಸೀರೆ ನೋಡಿ ಮೆಚ್ಚಿದರು. ಅಜ್ಜಿ ಕನ್ನಡಕ ಏರಿಸಿ, ಅಂಚನ್ನು ಬೆರಳಿಗೆ ಸುತ್ತಿಕೊಂಡು, ಉಗುರಿನಿಂದ ಬಾಲವನ್ನು ಉದ್ದಕ್ಕೂ ಗೀರಿ ನೋಡಿದರು. ಆಮೇಲೆ ಸೀರೆಯನ್ನು ಮಡಿಲಿನಿಂದ ಕೆಳಗಿಟ್ಟರು.

"ಏನಪ್ಪ, ಚುಕ್ಕಿಗೆ ಬಾಲ ಯಾಕೆ ಇಡ್ಸಿದೀಯ? ಬಾಲಚುಕ್ಕಿ ಉಟ್ಕೊಂಡು ಧಾರೆಗೆ ಕುಂತ್ಕೊಂತಾಳಾ ನನ್ನ ಮೊಮ್ಮಗಳು?"

ಅಪ್ಪನ ಮುಖ ಹಾಗೆ ಕಂದಿದ್ದನ್ನು ನಾನು ಮತ್ತೆಂದೂ ನೋಡಿಲ್ಲ. ತುರಾಯಿ ಅಂದುಕೊಂಡಿದ್ದೆ ಎಂದು ತಡವರಿಸಿದರು. ಅಜ್ಜಿ ಜಗಳವಾಡಲಿಲ್ಲ. ಎದ್ದು ಸೆರಗು ಕೊಡವಿಕೊಂಡು, ಇನ್ನೊಂದು ಅಂಗಡಿ ನೋಡುತ್ತೇವೆ ಎಂದು ಸೊಸೆಯಂದಿರನ್ನು ಕರೆದುಕೊಂಡು ಹೊರಟೇಹೋದರು. ಮಕ್ಕಳ ಮದುವೆ, ಮೊಮ್ಮಕ್ಕಳ ಮದುವೆ ಎಂದು ಎರಡು ತಲೆಮಾರು ನಮ್ಮಲ್ಲಿಗೇ ಬಂದ ಮನೆಯವರು ಅವರು.

ಅಪ್ಪ ಚಾಚಾ ಕಡೆ ತಿರುಗಿದರು. ಬೈಯಲಿಲ್ಲ, ಆದರೆ ಬೈದಿದ್ದರೇ ವಾಸಿಯಿತ್ತು. ನಿಮಗೆ ನಮ್ಮ ಶಾಸ್ತ್ರ ಗೊತ್ತಿಲ್ಲ ಅನ್ನೋದು ನನಗೆ ಗೊತ್ತಿರಬೇಕಿತ್ತು, ತಪ್ಪು ನನ್ನದೇ, ಇನ್ನು ಮೇಲೆ ಕಾರ್ಡು ಹೊಡೆಯೋದಷ್ಟೇ ಮಾಡ್ಕೊಂಡಿರಲಿ ನಿಮ್ಮ ಹುಡುಗಿ ಎಂದರು. ಮೂವತ್ತು ವರ್ಷ ಒಬ್ಬರ ಮನೆಯ ಚಹಾ ಒಬ್ಬರು ಕುಡಿದವರ ನಡುವೆ ನಿಮಗೆ, ನಮಗೆ ಎಂಬ ಮಾತು ಅವತ್ತು ಮೊದಲ ಸಲ ಬಂತು. ಚಾಚಾ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಅಪ್ಪನಿಗೆ ಏನೋ ಹೊಳೆದು ನನ್ನತ್ತ ನೋಡಿದರು.

"ನೀನು ನೋಡಿರ್ಲಿಲ್ವೇನವ್ವ ಇದನ್ನ?"

ಅವಳ ಕೈಯ ಸುರುಳಿಯಲ್ಲಿ ನನ್ನ ಹಸಿರು ಹೂವು ಇತ್ತು. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಅಪ್ಪ ಇಸಿದುಕೊಂಡು ಬಿಚ್ಚಿದರೆ ಮುಗಿಯಿತು.

"ಇಲ್ಲಪ್ಪ. ನಂಗೆ ತೋರ್ಸಿರ್ಲಿಲ್ಲ" ಎಂದೆ.

ಅವಳು ನನ್ನನ್ನು ನೋಡಿದಳು. ಸುರುಳಿಯನ್ನು ಇನ್ನೂ ಬಿಗಿಯಾಗಿ ಸುತ್ತಿ, ದುಪಟ್ಟಾದ ಒಳಗೆ ಸರಿಸಿಕೊಂಡಳು.

"ಹೌದು ಸಾವ್ಕಾರ್ರೆ. ತೋರ್ಸಿರ್ಲಿಲ್ಲ. ನಂದೇ ತಪ್ಪು" ಎಂದಳು.

ನಾಲ್ಕು ಕಣ್ಣಿನ ಕಟ್ಟುನಿಟ್ಟನ್ನು ಮಗಳೇ ಮುರಿದಳೆಂದು ಚಾಚಾ ಅವಳನ್ನು ಉರ್ದುವಿನಲ್ಲಿ ಗದರಿಸುತ್ತಾ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅವಳು ಹಿಂದೆ ಹಿಂದೆ ನಡೆದಳು. ತಿರುಗಿ ನೋಡಲಿಲ್ಲ. ಅವ್ವ ರೊಟ್ಟಿ ಕಟ್ಟಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅವರು ಓಣಿ ದಾಟಿದ್ದರು.

ಆ ಮೂರು ಸೀರೆಗಳ ಕತೆ ಹೇಳದಿದ್ದರೆ ನನ್ನ ಹೊಟ್ಟೆಯುರಿಯ ಕತೆ ಪೂರ್ತಿಯಾಗುವುದಿಲ್ಲ. ಅಪ್ಪ ಅವನ್ನು ಕಣ್ಣಿಗೆ ಕಾಣದ ಹಾಗೆ ಒಳಗಿಡಿ ಎಂದಿದ್ದರು. ಸುದ್ದಿ ತಿಳಿದು ಸಿಸ್ಟರು ಬಂದು ಬಿಡಿಸಿ ನೋಡಿ, ಎರಡನ್ನು ತಮ್ಮ ಪರಿಚಯದ ಒಂದು ಕ್ರಿಶ್ಚಿಯನ್ ಮನೆಯ ಮದುವೆಗೆ ಕೊಂಡುಹೋದರು. ಆ ಮದುವೆಗೆ ಬಂದವರು, ಈ ಅಂಚು ಎಲ್ಲಿ ಸಿಗುತ್ತದೆ ಎಂದು ವಿಳಾಸ ಹುಡುಕಿಕೊಂಡು ಸೀದಾ ಮೊಳಕಾಲ್ಮೂರಿಗೆ ಅವಳ ಬಳಿಗೇ ಹೋದರಂತೆ. ಮೂರನೆಯ ಸೀರೆಯನ್ನು ನಮ್ಮವ್ವ ತಾವೇ ಇಟ್ಟುಕೊಂಡರು. ಚುಕ್ಕಿಗೆ ಬಾಲ ಇದ್ರೆ ನಂಗೇನು, ಮಗಳು ಮಾಡಿದ್ದು ಎಂದು ಅದನ್ನು ಉಟ್ಟುಕೊಂಡೇ ನಂಟರ ಮನೆಗೆ ಹೋದರು. ನಾನು ಬರೆದ ಹಂಸದ ಸೀರೆ ಒಂದೂ ಅವ್ವನ ಪೆಟ್ಟಿಗೆಯಲ್ಲಿರಲಿಲ್ಲ. ಮಾರೋಕೆ ಮಾಡಿದ್ದು, ಉಡೋಕಲ್ಲ ಎನ್ನುತ್ತಿದ್ದರು.

ತಿಂಗಳೆರಡು ಕಳೆದ ಮೇಲೆ ಚಾಚಾ ಒಬ್ಬರೇ ಅಂಗಡಿಗೆ ಬಂದರು. ಅಪ್ಪ ಇರಲಿಲ್ಲ. ಚಹಾ ಕೊಟ್ಟೆ. ಕುಡಿದು, ಜೇಬಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದು ನನ್ನ ಮುಂದಿಟ್ಟರು. ಇದನ್ನು ನಿನಗೆ ಕೊಡು ಅಂದಳು ಬೇಟಾ ಎಂದರು. ಮುಟ್ಟಿದರೆ ಗೊತ್ತಾಯಿತು, ನಾಣ್ಯ.

ನನಗೆ ಯಾಕೆ ಎಂದು ಕೇಳಿದೆ.

"ಆಕಿ ಮೊದ್ಲೇ ಅಂದಿದ್ಲು ಬೇಟಾ, ಡಿಸೈನು ಬರ್ದು ಮುಗಿದ ಮ್ಯಾಲೆ ಇದು ನಿಂಗೇ ಅಂತ. ಒಬ್ಬರ ಹತ್ರ ಡಿಸೈನು, ಒಬ್ಬರ ಹತ್ರ ನಾಣ್ಯ. ಆಮ್ಯಾಲೆ ಮರ್ತಿದ್ಲೋ ಏನೋ."

ಮರೆತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಮುಷ್ಟಿ ಮುಚ್ಚಿ, ಬರ್ದು ಮುಗೀಲಿ, ಆಮೇಲೆ ನೋಡಾಣ ಎಂದವಳ ಮುಖ ಕಣ್ಣ ಮುಂದೆ ಬಂತು. ಚಾಚಾ ಹಾಗೇ ಹೇಳುತ್ತಾ ಹೋದರು. ಅವರಿಗೆ ಅದು ಬರೀ ಅಂಗಡಿ ಮಾತು. ಆ ಸೀರೆ ನೇಯ್ದ ತೆಲುಗಿನ ನೇಕಾರನಿಗೆ ಎರಡನೇ ದಿನವೇ ಅನುಮಾನ ಬಂದಿತ್ತಂತೆ. ಇದು ತೋಕಚುಕ್ಕ, ಬಾಲಚುಕ್ಕಿ ಅಲ್ಲವೇನಮ್ಮ, ಮದುವೆ ಸೀರೆಗೆ ಆಗುತ್ತಾ ಎಂದು ಮಗ್ಗ ನಿಲ್ಲಿಸಿ ಕೇಳಿದನಂತೆ. ಅವಳು, ಗೊತ್ತಿರೋರು ನೋಡ್ಯಾರೆ, ನೀನು ನೇಯಿ ಎಂದಳಂತೆ. ಯಾರಿಗೂ ತೋರಿಸದೇ ಹಾಗೆ ಯಾಕೆ ಅಂದಳೋ, ಆ ಹುಡುಗಿಗೆ ಅಷ್ಟು ಧಿಮಾಕು ಯಾವಾಗ ಬಂತೋ ಎಂದು ಚಾಚಾ ಬೇಜಾರು ಮಾಡಿಕೊಂಡರು.

ಆಗಲಾದರೂ ಹೇಳಬಹುದಿತ್ತು. ಅವರ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಅವರು ಹೋದ ಮೇಲೆ ಪೊಟ್ಟಣ ಬಿಚ್ಚಿದೆ. ನಾಣ್ಯವನ್ನು ಸುತ್ತಿದ್ದು ಒಂದು ಚೂರು ಗ್ರಾಫ್ ಹಾಳೆ. ಗೆರೆಯ ಮೇಲೆಯೇ ಕತ್ತರಿ ಆಡಿಸಿ ಒಪ್ಪವಾಗಿ ಕತ್ತರಿಸಿದ್ದು. ಅದರಲ್ಲಿ ಇದ್ದದ್ದು ನನ್ನ ಹಸಿರು ಹೂವೊಂದೇ. ಅವಳ ಅಡ್ಡಗೆರೆಗಳು ಆ ಹಾಳೆಯಲ್ಲೇ ಉಳಿದಿರಬೇಕು. ಇನ್ನು ಯಾರು ಆ ಹಾಳೆ ಬಿಚ್ಚಿದರೂ ನಾನು ಸಿಕ್ಕಿಬೀಳುವಂತಿರಲಿಲ್ಲ.

ಅಳು ಬಂತು, ಆದರೆ ಮೊದಲು ಬಂದದ್ದು ಅದಲ್ಲ. ಮೊದಲು ಬಂದದ್ದು ಸಿಟ್ಟು, ಅದೇ ಹಳೆಯ ಹೊಟ್ಟೆಕಿಚ್ಚು. ಡ್ರಾಯಿಂಗಿನಲ್ಲೂ ಮುಂದೆ ಹೋದಳು, ಇದರಲ್ಲೂ ಮುಂದೆ ಹೋದಳು ಎಂದು. ಬೇಕು ಬೇಕು ಎಂದು ಹಂಬಲಿಸಿದ ನಾಣ್ಯ ಕೈಗೆ ಬಂದಿತ್ತು, ಅದರ ಚರ್ಚು, ಚುಕ್ಕಿ ಯಾವುದನ್ನೂ ಆ ದಿನ ನನಗೆ ನೋಡಲಾಗಲಿಲ್ಲ.

ಎರಡು ವರ್ಷದ ಮೇಲೆ ಅಪ್ಪನ ಕಾಲು ನೋವಿನಿಂದಾಗಿ ಮೊಳಕಾಲ್ಮೂರಿಗೆ ನಾನೇ ಹೋಗಬೇಕಾಯಿತು. ತಳಕು ದಾಟುವವರೆಗೆ ಬಸ್ಸಿನಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿದೆ, ಕೊಂಡ್ಲಹಳ್ಳಿ ಬರುವಷ್ಟರಲ್ಲಿ ಎಲ್ಲ ಕಲಸಿಹೋದವು. ಕೈಚೀಲದಲ್ಲಿ ನಾಣ್ಯ ಇತ್ತು, ಅದನ್ನು ಸುತ್ತಿದ ಚೂರು ಹಾಳೆಯೂ ಇತ್ತು. ಎರಡನ್ನೂ ಅವಳ ಮುಂದಿಟ್ಟು ಹೇಳಿಬಿಡಬೇಕು, ಆಮೇಲೆ ಅಪ್ಪನಿಗೂ ಹೇಳಬೇಕು ಎಂದಿತ್ತು ನನ್ನ ಯೋಜನೆ.

ಅವಳು ಬಾಗಿಲಿಗೆ ಬಂದು ಕೈಹಿಡಿದು ಒಳಗೆ ಕರೆದಳು. ಅವ್ವ ಹೇಗಿದ್ದಾರೆ ಎಂದು ಮೊದಲು ಕೇಳಿದಳು. ಚಹಾ, ಬಿಸ್ಕತ್ತು ಬಂತು. ನನ್ನನ್ನು ನೀವು ಎನ್ನಲಿಲ್ಲ, ಅಷ್ಟು ದೂರ ಮಾಡಿರಲಿಲ್ಲ. ಆದರೆ ಕಣೇ ಎಂಬ ಮಾತು ಒಂದು ಸಲವೂ ಅವಳ ಬಾಯಲ್ಲಿ ಬರಲಿಲ್ಲ. ಮೂರು ಮಗ್ಗಗಳಿಗೆ ಅವಳದೇ ಡಿಸೈನು ಏರಿತ್ತು. ನಾನು ಚೀಲದ ಬಾಯಿ ಬಿಚ್ಚಿ ಕೈ ಒಳಗೆ ಹಾಕಿದೆ. ಆಗ ಮೇಜಿನ ಮೇಲೆ ಬಿಡಿಸಿಟ್ಟ ಹಾಳೆ ಕಣ್ಣಿಗೆ ಬಿತ್ತು, ಕಾರ್ಡು ಹೊಡೆಯಲು ತಯಾರಾದದ್ದು. ಕೆಳಗಿನ ಬಲಮೂಲೆಯಲ್ಲಿ ಅವಳ ಎರಡು ಅಡ್ಡಗೆರೆ ಇದ್ದವು. ಪಕ್ಕದಲ್ಲಿ, ನನ್ನ ಹೂವು ಇರುತ್ತಿದ್ದ ಜಾಗದಲ್ಲಿ, ಕೆಂಪು ಶಾಯಿಯಲ್ಲಿ ಒಂದು ಪುಟ್ಟ ಮಾವಿನಕಾಯಿ.

ನಾನು ನೋಡಿದ್ದನ್ನು ಅವಳು ನೋಡಿದಳು. ಪಕ್ಕದ ಮನೆಯ ನೇಕಾರರ ಸೊಸೆ ನೋಡಿಕೊಡ್ತಾಳೆ, ಭಾಳ ಹುಷಾರಿ, ಅವಳ ಕಣ್ಣಿಗೆ ಏನೂ ತಪ್ಪಲ್ಲ ಎಂದಳು.

ಚೀಲದೊಳಗೆ ನನ್ನ ಬೆರಳಿಗೆ ನಾಣ್ಯ ತಾಗಿತ್ತು. ಹೊರಗೆ ತೆಗೆಯಲಿಲ್ಲ. ಆ ಹೆಂಗಸನ್ನು ನಾನು ಇವತ್ತಿಗೂ ನೋಡಿಲ್ಲ. ಮೊಳಕಾಲ್ಮೂರಿನಿಂದ ಚಳ್ಳಕೆರೆಯವರೆಗೆ ಬಸ್ಸಿನಲ್ಲಿ ಅವಳ ಮೇಲೆ ಹೊಟ್ಟೆ ಉರಿದುಕೊಂಡು ಬಂದೆ.